ಇಬ್ಬರೂ ಕೂಡಿ ನುಂಗಿದ ಗುಳಿಗೆ

೨೦೦೬ರಲ್ಲಿ ಏಳನೇ ತರಗತಿಗೆ ನನ್ನ ಓದು ನಿಂತಿತು. ಅಂದಿನಿಂದ ದುಡಿಮೆಯೇ. ಈಗ ತುರ್ವಿಹಾಳದ ಸುತ್ತ ಭತ್ತದ ಹುಳಕ್ಕೆ ಔಷಧ ಹೊಡೆಯುತ್ತೇನೆ. ನನ್ನ ಪಂಪು ಬಂತೆಂದರೆ ಹುಳ ಹೋಯಿತೆಂದೇ ಲೆಕ್ಕ ಎಂದು ರೈತರು ಹೇಳುತ್ತಾರೆ. ನಾನೂ ಹೇಳಿಕೊಳ್ಳುತ್ತೇನೆ.

ಹೋದ ವರ್ಷ ಹೆಂಡತಿ ಹುಲಿಗೆಮ್ಮನಿಗೆ ಬಿಳಿ ಹೋಗುವುದು, ಉರಿ ಶುರುವಾಯಿತು. ಸಿಂಧನೂರಿನಲ್ಲಿ ತೋರಿಸಿದೆವು. ಕಡಿಮೆಯಾಗಿ ಮತ್ತೆ ಬಂತು. ಇನ್ನೊಮ್ಮೆ ತೋರಿಸಿದರೂ ಅದೇ ಕಥೆ. ಕೊನೆಗೆ ಮಸ್ಕಿಯಲ್ಲಿರುವ ಅವಳ ಅಕ್ಕ ಹೇಳಿದಂತೆ ಲಿಂಗಸುಗೂರಿಗೆ ಹೋದೆವು.

ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದರು. “ಇದು ಕಣ್ಣಿಗೆ ಕಾಣದಂಥ ಹುಳರೀ. ಗಂಡ ಹೆಂಡಿರ ನಡುವ ಹರಡ್ತೈತಿ. ನೀವೂ ಗುಳಿಗಿ ತಗೋಬೇಕು. ಇಬ್ರೂ ಎಚ್‌ಐವಿ ರಕ್ತಪರೀಕ್ಷೆ ಮಾಡಿಸ್ರಿ.”

ಎಚ್‌ಐವಿ ಎಂದದ್ದೇ ನನಗೆ ಸಿಟ್ಟು ನೆತ್ತಿಗೇರಿತು. “ನನಗೇನಾಗೈತ್ರೀ ಮೇಡಂ? ದಿನಾ ಪಂಪ್ ಹೊತ್ತು ಹೊಲ ಸುತ್ತತೀನಿ. ಒಂದ್ ನೆಗಡಿ ಸೈತ ಇಲ್ಲ!”

“ಭಾಳ ಗಂಡಸರಾಗ ಇದು ತೋರಿಸಿಕೊಳ್ಳಂಗಿಲ್ಲ, ಸುಮ್ನ ಕುಂತಿರ್ತೈತಿ. ಇದು ಒಳಗಿದ್ರ ಎಚ್‌ಐವಿ ಹತ್ತೋದು ಇನ್ನೂ ಸಲೀಸು. ಯಾರಿಂದ ಬಂತು ಅಂತ ಜಗಳಾಡಬ್ಯಾಡ್ರಿ, ಮೊದಲ ಆರಾಮಾಗ್ರಿ.”

ನಾನು ಎದ್ದು ಹೊರಗೆ ಬಂದುಬಿಟ್ಟೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ರಕ್ತದಲ್ಲಿ ಏನಾದರೂ ಬಂದರೆ ಮಕ್ಕಳ ಗತಿಯೇನು? ಹುಲಿಗೆಮ್ಮ ಹಿಂದೆಯೇ ಬಂದಳು.

ಅಷ್ಟರಲ್ಲಿ ಸಾಲಗುಂದದ ರೈತರೊಬ್ಬರ ಫೋನು. “ತಮ್ಮಾ, ನಾಳೆ ನನ್ನ ಹೊಲಕ್ಕಷ್ಟ ಹುಳದ ಎಣ್ಣಿ ಹೊಡಿ. ಬಾಜೂ ಹೊಲದಾವ ತನಗ ಬ್ಯಾಡ ಅಂತಾನ.”

“ಆಗಂಗಿಲ್ಲ ಕಾಕಾ. ಎರಡೂ ಹೊಲಕ್ಕ ಕೂಡೇ ಹೊಡೀಬೇಕು. ಇಲ್ಲಂದ್ರ ಅವನ ಹೊಲದಾಗಿಂದ ಮತ್ತ ನಿನ್ನ ಹೊಲಕ್ಕ ಬರ್ತಾವ. ಎಷ್ಟ್ ಸಲ ಹೇಳ್ಬೇಕು ನಿಮಗ?”

ಫೋನ್ ಇಟ್ಟು ತಿರುಗಿದರೆ ಹುಲಿಗೆಮ್ಮ ನನ್ನನ್ನೇ ನೋಡುತ್ತಿದ್ದಳು. “ಊರಿಗೆಲ್ಲಾ ಬುದ್ಧಿ ಹೇಳ್ತೀರಿ. ನಡೀರಿ ಒಳಗ, ಬಾಜೂ ಹೊಲದವ್ರ!”

ಅಳುವ ಮುಖದಲ್ಲೇ ನಗುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ತೋಳು ಚಾಚಿದೆ.

ಮಧ್ಯಾಹ್ನ ವರದಿ ಬಂತು. ಇಬ್ಬರಿಗೂ ಎಚ್‌ಐವಿ ಇರಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಇಬ್ಬರೂ ಒಟ್ಟಿಗೇ ಗುಳಿಗೆ ನುಂಗಿದೆವು, ಮುಗಿಯುವವರೆಗೆ ಬೇರೆ ಬೇರೆ ಮಲಗಿದೆವು. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟೆವು. ಆಗಲೂ ಏನೂ ಇರಲಿಲ್ಲ. ಅವಳ ಉರಿ ಮತ್ತೆ ಬರಲಿಲ್ಲ.

ಈಗಲೂ ಒಂದೇ ಹೊಲಕ್ಕೆ ಹೊಡಿ ಎಂದು ಯಾರಾದರೂ ಮನೆಗೆ ಬಂದರೆ ಅಡುಗೆಮನೆಯಿಂದ ಕಿಸಕ್ಕೆಂದು ನಗು ಕೇಳಿಸುತ್ತದೆ. ಇಂದು ನನ್ನ ಬಳಿ ಎರಡು ಪಂಪು, ಒಂದು ಬೈಕು, ಒಂದೆಮ್ಮೆ ಇವೆ. ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಹೆಂಡತಿ, ಆರಾಮಾಗಿದ್ದಾಳೆ.