ಮಂಡಿ ಕಾಣುವ ಪುಟ

ಕೋರ್ಟಿನ ಎದುರಿನ ಸಾಲಿನಲ್ಲಿ ಅವಳ ಜೆರಾಕ್ಸ್ ಅಂಗಡಿ. ಒಂದು ಯಂತ್ರ, ಒಂದು ಲ್ಯಾಮಿನೇಷನ್ ಪೆಟ್ಟಿಗೆ, ಅಲುಗಾಡುವ ಒಂದು ಸ್ಟೂಲು. ಉಳಿದ ಜಾಗದಲ್ಲಿ ಅವಳು. ಬೀದಿಗೆಲ್ಲ ಅವಳು ಜೆರಾಕ್ಸ್ ಅಕ್ಕ. ಕಾಗದದ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನ ಜೀವ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಅಂಕಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದ ಹುಡುಗರನ್ನು ಅವರ ತಾಯಂದಿರಿಗಿಂತ ಚೆನ್ನಾಗಿ ಬೈಯುತ್ತಿದ್ದಳು. ಕಪ್ಪು ಕೋಟಿನ ವಕೀಲರೂ ಅವಳ ಮೇಜಿನ ಮೇಲೆ ಟೀ ಲೋಟ ಇಡಲು ಹೆದರುತ್ತಿದ್ದರು. "ಒರಿಜಿನಲ್ ಅಂದ್ರೆ ಹೆತ್ತ ಮಗು ಇದ್ದ ಹಾಗೆ ಸಾರ್. ಒಂದು ಕಾಪಿ ಮಾಡಿಸಿ, ಇದನ್ನ ಬೀರುವಿನಲ್ಲಿಡಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಇಂಥವಳು ಕಾಗದ ಹಾಳುಮಾಡುವುದನ್ನು ಕಲಿಯಲು ಹೋದಳು.

ಒಂದು ದಿನ ಉಗುರಿಗೆಲ್ಲ ಬಣ್ಣ ಮೆತ್ತಿಕೊಂಡಿದ್ದ ಹುಡುಗಿಯೊಬ್ಬಳು ಕರಪತ್ರದ ಪ್ರತಿ ಮಾಡಿಸಲು ಬಂದಳು. ಭಾನುವಾರದ ತರಗತಿಯ ಕರಪತ್ರ ಅದು. ಕೈಯಾರೆ ಹೊಲಿದ ಪುಸ್ತಕದಲ್ಲಿ ಬಣ್ಣ, ಬಟ್ಟೆ, ದಾರ, ಚೂರುಪಾರು ಎಲ್ಲ ಸೇರಿಸಿ ನಿಮ್ಮ ಮನಸ್ಸನ್ನೇ ಅಂಟಿಸಿ ಎಂದು ಬರೆದಿತ್ತು. ಬಿಸಿಬಿಸಿ ಹಾಳೆಗಳನ್ನು ಜೋಡಿಸುತ್ತಾ ಜೆರಾಕ್ಸ್ ಅಕ್ಕ ಅದನ್ನು ಓದಿದಳು.

"ಮನಸ್ಸನ್ನ ಯಾವ ಗೋಂದಲ್ಲಿ ಅಂಟಿಸ್ತಾರಮ್ಮ?"

"ಬನ್ನಿ ಅಕ್ಕ, ತೋರಿಸ್ತೀನಿ."

ತಮಾಷೆಗೆ ಕೇಳಿದ್ದಳು. ಆದರೂ ಭಾನುವಾರ ಮಧ್ಯಾಹ್ನ, ಉಳಿದ ಕರಪತ್ರ ಕೊಟ್ಟು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟಳು. ಸೈಕಲ್ ಅಂಗಡಿಯ ಮೇಲಿನ ಕೋಣೆ. ಏಣಿಯಂಥ ಕಡಿದಾದ ಮೆಟ್ಟಿಲು. ಒಳಗೆ ಉದ್ದನೆಯ ಮೇಜಿನ ಸುತ್ತ ನಾಲ್ಕಾರು ಹೆಂಗಸರು ಹಾಳೆ ಮಡಚುತ್ತಿದ್ದರು. ದಬ್ಬಳದಿಂದ ತೂತು ಹಾಕಿ, ಮೇಣ ಉಜ್ಜಿದ ದಾರದಲ್ಲಿ ಹೊಲಿಯುವ ಆ ಕೆಲಸದಲ್ಲಿ ಜೆರಾಕ್ಸ್ ಅಕ್ಕನನ್ನು ಮೀರಿಸುವವರಿರಲಿಲ್ಲ. ಅವಳ ಪುಸ್ತಕದ ಬೆನ್ನು ಅಷ್ಟು ನೆಟ್ಟಗಿತ್ತು.

ತಾಪತ್ರಯ ಶುರುವಾದದ್ದು ಮುಂದಿನ ವಾರ. ಬಿಳಿ ಹಾಳೆಯ ಮೇಲೆ ಟೀ ಚೆಲ್ಲಿ ಎಂದಳು ಟೀಚರ್, ಅದೇ ಬಣ್ಣದುಗುರಿನ ಹುಡುಗಿ. ಅಂಚು ಹರಿಯಿರಿ, ಬೇಕಾದರೆ ಸ್ವಲ್ಪ ಸುಡಿ. "ಹೆದರಬೇಡಿ, ಇಲ್ಲಿ ತಪ್ಪು ಅನ್ನೋದೇ ಇಲ್ಲ." ಜೆರಾಕ್ಸ್ ಅಕ್ಕನ ಕೈ ಮೇಲೇಳಲಿಲ್ಲ. ಸಂಕೋಚಕ್ಕೆ ಅರ್ಧ ಟೀ ಕುಡಿದಳು. ಉಳಿದರ್ಧವನ್ನು ಕಣ್ಣುಮುಚ್ಚಿ ಚೆಲ್ಲಿದಳು. ಕಣ್ಣು ಬಿಟ್ಟಾಗ ಕಂದುಬಣ್ಣ ಹಾಳೆಯ ಮೇಲೆ ತನ್ನಷ್ಟಕ್ಕೆ ದಾರಿ ಹುಡುಕಿಕೊಂಡು ಹೊರಟಿತ್ತು. ಎಲ್ಲಿಗೆ ಹೋಗಬೇಕೆಂದು ಅದನ್ನು ಯಾರೂ ಕೇಳುತ್ತಿರಲಿಲ್ಲ. ಅವಳು ಅದನ್ನೇ ನೋಡುತ್ತಾ ಕೂತಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಮೇಣದ ಕಡ್ಡಿಯಲ್ಲಿ ಬರೆದು ಮೇಲೆ ನೀರುಬಣ್ಣ ಬಳಿದಳು. ಮೇಣವಿದ್ದಲ್ಲಿ ಬಣ್ಣ ನಿಲ್ಲದೆ ಜಾರಿತು. ಲೇಸಿನ ತುಂಡಿಟ್ಟು ಅದರ ತೂತುಗಳೊಳಗೆ ಬಿಳಿ ಲೇಪ ಸವರಿದಳು. ಲಕೋಟೆ, ಗುಂಡಿ, ಔಷಧಿಯ ಬೆಳ್ಳಿಹಾಳೆ, ಎಲ್ಲವೂ ಪುಸ್ತಕದೊಳಗೆ ಹೋದವು. ಪುಸ್ತಕ ಉಬ್ಬಿತು. ತಕ್ಕಡಿ ರಿಪೇರಿ ಮಾಡುವ ಅವಳ ಗಂಡ ಅದನ್ನು ಆಗಾಗ ತಕ್ಕಡಿಗೆ ಹಾಕಿ ನೋಡುತ್ತಿದ್ದ. "ಲೇ, ಈ ಮನೇಲಿ ಹೊಟ್ಟೆ ತುಂಬ ಊಟ ಮಾಡ್ತಿರೋದು ಇದೊಂದೇ ಕಣೇ" ಎನ್ನುತ್ತಿದ್ದ.

ಅತ್ತೆಗೆ ತಮಾಷೆ ಹಿಡಿಸುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಮಂಡಿ ಸೋತಿದ್ದರೂ ಗಂಟಲು ಸೋತಿರಲಿಲ್ಲ. ಕಿಟಕಿ ಪರದೆಯ ಕುಚ್ಚು ಕಾಣೆಯಾಗಿ ಪುಸ್ತಕದಲ್ಲಿ ಪತ್ತೆಯಾದ ದಿನ ಅವರು ಸೊಸೆಯನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡು ಹೇಳಿದರು: "ಇನ್ನೊಂದು ಸಾಮಾನು ಈ ಮನೆಯಿಂದ ಆ ಪುಸ್ತಕಕ್ಕೆ ಹೋಗ್ಲಿ, ನಿನ್ನ ಭಾನುವಾರ ಬಂದ್. ತಿಳೀತಾ?"

"ತಿಳೀತು ಅತ್ತೆ."

ಆಗಲೇ ಒಂದು ಸಾಮಾನು ಹೋಗಿಯಾಗಿತ್ತು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅದು ಅತ್ತೆಯ ಮಂಡಿಯ ಎಕ್ಸ್-ರೇ. ಮೊದಲ ಸಲ ನೋವು ಬಂದಾಗ ತೆಗೆಸಿದ್ದು. ಆ ಕಾಲದಲ್ಲಿ ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಬರಬರುತ್ತಾ ನೋಡುವವರು ಕಡಿಮೆಯಾಗಿ, ಅದು ಬೀರುವಿನ ಹಿಂದೆ ಸೇರಿತ್ತು. ಪುಟದಲ್ಲಿ ಕಿಟಕಿ ಕೊರೆದು, ಬೆಳಕು ಹಾಯುವ ಹಾಳೆ ಕೂರಿಸುವುದನ್ನು ಟೀಚರ್ ಹೇಳಿಕೊಟ್ಟ ವಾರವೇ ಜೆರಾಕ್ಸ್ ಅಕ್ಕ ಬೀರುವಿನ ಹಿಂದೆ ಗುಡಿಸಿದ್ದಳು. ಎಷ್ಟು ವರ್ಷದಿಂದ ಯಾರೂ ಮುಟ್ಟಿಲ್ಲ, ಇನ್ನು ಯಾರು ಕೇಳುತ್ತಾರೆ ಎಂದುಕೊಂಡಳು. ಫಿಲ್ಮು ಪುಟಕ್ಕಿಂತ ದೊಡ್ಡದಿತ್ತು. ನಡುವೆ ಕತ್ತರಿಸಿದಳು. ಮೇಲಿನರ್ಧವನ್ನು ತಲೆಕೆಳಗಾಗಿಟ್ಟರೆ ತೊಡೆಯ ಮೂಳೆಯ ತುದಿ ಅರಳಲು ಹೊರಟ ಮೊಗ್ಗಿನಂತೆ ಕಂಡಿತು. ಅದರ ಸುತ್ತ ನಸುಗೆಂಪು ಎಸಳು ಬರೆದು, ಅಂಚಿಗೆ ನೀಲಿ ದಾರದಲ್ಲಿ ಹೊಲಿದಳು. ಕೆಳಗಿನರ್ಧ ಅವಳಿಗೆ ಬೇಕಾಗಲಿಲ್ಲ. ಚೂರುಪಾರು ಅದಲುಬದಲು ಮಾಡಿಕೊಳ್ಳುವ ಭಾನುವಾರ ಅದನ್ನು ಪಕ್ಕದಲ್ಲಿ ಕೂರುವ ಬ್ಯಾಂಕ್ ಮೇಡಂಗೆ ಕೊಟ್ಟು, ಬದಲಿಗೆ ಒಂದು ಹಿಡಿ ಹಳೆಯ ಅಂಚೆಚೀಟಿ ತೆಗೆದುಕೊಂಡಳು. ಲಾಭದ ವ್ಯಾಪಾರ ಎಂದು ಆ ದಿನ ಅನ್ನಿಸಿತ್ತು.

ಈಗ ಅತ್ತೆಯ ಮಂಡಿ ಮತ್ತೆ ಹಠ ಹಿಡಿಯಿತು. ಹೊಸ ಎಕ್ಸ್-ರೇ ನೋಡಿದ ಡಾಕ್ಟರು, "ಆಪರೇಷನ್ ಮಾಡೋದಾ, ಇನ್ನೂ ಸ್ವಲ್ಪ ಕಾಲ ತಳ್ಳೋದಾ ಅಂತ ನೋಡಬೇಕು. ಹಳೇ ಫಿಲ್ಮ್ ಇದ್ರೆ ತನ್ನಿ, ಸವೆತ ಎಷ್ಟು ಜಾಸ್ತಿ ಆಗಿದೆ ಗೊತ್ತಾಗುತ್ತೆ" ಎಂದರು.

"ಇಲ್ಲದೆ ಏನು! ಬೀರು ಹಿಂದೇನೇ ಇದೆ" ಎಂದರು ಅತ್ತೆ.

ಬೀರು ಸರಿಸಿದರು. ಮಂಚ ಎತ್ತಿದರು. ಅಟ್ಟದ ಸಾಮಾನೆಲ್ಲ ಇಳಿಸಿದರು. ಎಲ್ಲರಿಗಿಂತ ಮುತುವರ್ಜಿಯಿಂದ ಹುಡುಕಿದವಳು ಜೆರಾಕ್ಸ್ ಅಕ್ಕನೇ. ಅಡುಗೆಮನೆಯ ಡಬ್ಬಗಳ ಮುಚ್ಚಳವನ್ನೂ ತೆಗೆದು ಇಣುಕಿದಳು.

"ಡಬ್ಬದೊಳಗೆ ಎಕ್ಸ್-ರೇ ಇರುತ್ತೇನೇ?" ಗಂಡ ಕೇಳಿದ.

"ಹೇಳಕ್ಕಾಗಲ್ಲ ರೀ."

ಸಂಜೆ ಅತ್ತೆ ಸುಸ್ತಾಗಿ ಕುರ್ಚಿಯಲ್ಲಿ ಕೂತರು. ಕಾಲು ನೀಡಿಕೊಂಡು, ಮಂಡಿಯ ಮೇಲೆ ಎರಡೂ ಅಂಗೈ ಇಟ್ಟುಕೊಂಡಿದ್ದರು. "ಹೋಗ್ಲಿ ಬಿಡು. ಸಿಗದಿದ್ರೆ ಕೊಯ್ಯಿಸಿಕೊಂಡೇ ಬಿಡ್ತೀನಿ" ಎಂದರು. ಮೈದಾನದ ಆಚೆ ತುದಿಗೆ ಕೇಳುತ್ತಿದ್ದ ಗಂಟಲು ಆಗ ಪಕ್ಕದ ಕುರ್ಚಿಗೂ ಸರಿಯಾಗಿ ಕೇಳಲಿಲ್ಲ.

ಜೆರಾಕ್ಸ್ ಅಕ್ಕ ಬಾಗಿಲ ಬಳಿ ನಿಂತೇ ಇದ್ದಳು. ಸುಮ್ಮನಿದ್ದರೆ ಭಾನುವಾರ ಉಳಿಯುತ್ತದೆ. ವಾರದಲ್ಲಿ ಯಾರೂ ಅವಳನ್ನು ಕೂಗದ ಹೊತ್ತು ಅದೊಂದೇ. ಆದರೆ ಆ ಮಂಡಿಗೆ ಒಂದು ಸಲ ಕತ್ತರಿ ಹಾಕಿಯಾಗಿದೆ. ತನ್ನ ದೆಸೆಯಿಂದ ಇನ್ನೊಂದು ಸಲ ಬೇಡ. ಒಳಗೆ ಹೋಗಿ ಪುಸ್ತಕ ತಂದು, ಅತ್ತೆಯ ಮುಂದೆ ಆ ಪುಟ ತೆರೆದು, ದೀಪದ ಕಡೆ ಎತ್ತಿ ಹಿಡಿದಳು.

ಅತ್ತೆ ಬಹಳ ಹೊತ್ತು ನೋಡಿದರು. ಗಂಡ ಮೆಲ್ಲಗೆ ಹಿಂದೆ ಸರಿದು, ಗೋಡೆಯ ಕ್ಯಾಲೆಂಡರನ್ನು ಗಮನವಿಟ್ಟು ಓದತೊಡಗಿದ.

"ಇದು ನನ್ನ ಮಂಡಿ."

"ಹೌದು ಅತ್ತೆ."

"ತಲೆಕೆಳಗಾಗಿದೆ."

"ಹೌದು."

"ಇನ್ನೊಂದರ್ಧ ಎಲ್ಲಿ?"

"ಬ್ಯಾಂಕ್ ಮೇಡಂ ಹತ್ರ."

"ಅವಳ್ಯಾವಳೇ, ನನ್ನ ಕಾಲಿಟ್ಟುಕೊಂಡಿರೋಳು?" ಗಂಟಲು ಪೂರ್ತಿ ವಾಪಸು ಬಂದಿತ್ತು. ಪಕ್ಕದ ಮನೆಯವರು ಕಿಟಕಿ ತೆರೆದರು.

ಬ್ಯಾಂಕ್ ಮೇಡಂ ಒಳ್ಳೆಯವರು. ವಿಷಯ ತಿಳಿದು ತಮ್ಮ ಪುಸ್ತಕ ತಗೊಂಡು ನೇರ ಆಸ್ಪತ್ರೆಗೇ ಬಂದರು. ಅವರ ಪುಟದಲ್ಲಿ ಅತ್ತೆಯ ಮೊಣಕಾಲ ಕೆಳಗಿನ ಎರಡು ಮೂಳೆಗಳು ಎಲೆಯುದುರಿದ ಎರಡು ಮರಗಳಾಗಿ ನಿಂತಿದ್ದವು. ಕೊಂಬೆ ಬರೆದು ಹಕ್ಕಿಗಳನ್ನು ಕೂರಿಸಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಹಕ್ಕಿಗಳನ್ನು ಒಂದೊಂದಾಗಿ ಪರಿಶೀಲಿಸಿದರು. "ಅದಕ್ಕೇ ಈ ನಡುವೆ ಕಾಲು ಭಾರ" ಎಂದರು. ಆಮೇಲೆ ಎರಡೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಬೆಂಚಿನವರಿಗೆ, ಅವರ ಪಕ್ಕದವರಿಗೆ, ಕೊನೆಗೆ ನರ್ಸಿಗೆ ತೋರಿಸಿದರು. "ಇದು ಮೇಲಿಂದು, ಇದು ಕೆಳಗಿಂದು. ಎರಡೂ ನನ್ನವೇ. ನನ್ನ ಸೊಸೆ ಮಾಡಿದ್ದು." ಮೂಲೆಯಲ್ಲಿ ನಿಂತಿದ್ದ ಸೊಸೆಗೆ ಅಲ್ಲಿನ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತ್ತು.

ಡಾಕ್ಟರು ಎರಡೂ ಪುಟಗಳನ್ನು ಬೆಳಕಿನ ಪೆಟ್ಟಿಗೆಗೆ ಒತ್ತಿ ಹಿಡಿದರು. ಒಂದನ್ನು ತಿರುಗಿಸಿದರು, ಕೂಡಿಸಿದರು, ಮತ್ತೆ ಬಿಡಿಸಿದರು.

"ಇದನ್ನ ಕತ್ತರಿಸಿದೋರು ಯಾರು?"

ಜೆರಾಕ್ಸ್ ಅಕ್ಕ ಕೈಯೆತ್ತಿದಳು, ಶಾಲೆಯಲ್ಲಿ ಎತ್ತುವ ಹಾಗೆ.

"ನೋಡಮ್ಮ, ನನಗೆ ಬೇಕಾಗಿದ್ದು ಮೇಲಿನ ಮೂಳೆನೂ ಅಲ್ಲ, ಕೆಳಗಿಂದೂ ಅಲ್ಲ. ಎರಡರ ನಡುವೆ ಇರುತ್ತಲ್ಲ ಸಂದು, ಅದು. ಸರಿಯಾಗಿ ಅಲ್ಲೇ ಕತ್ತರಿ ಹಾಕಿ, ಮೇಲೆ ಬಣ್ಣ ಬಳಿದು ಹೊಲಿದಿದ್ದೀರಿ." ಪುಸ್ತಕ ಮುಚ್ಚುವ ಮುನ್ನ ಡಾಕ್ಟರು ಎಸಳುಗಳನ್ನು ಇನ್ನೊಮ್ಮೆ ನೋಡಿದರು. "ಚೆನ್ನಾಗೇನೋ ಇದೆ."

ಕೊನೆಗೆ ಫಿಲ್ಮಿನ ಗೊಡವೆ ಬಿಟ್ಟು ಅತ್ತೆಯನ್ನೇ ಕೇಳಿದರು. "ನಡೀತೀರಾ?" ನಡೆಯುತ್ತೇನೆ. "ಮೆಟ್ಟಿಲು ಹತ್ತೋಕಾಗುತ್ತಾ?" ಅತ್ತೆಗೆ ಸಿಟ್ಟು ಬಂತು. ಇಡೀ ಶಾಲೆಯನ್ನು ಓಡಿಸಿದವರಿಗೆ ಕೇಳುವ ಪ್ರಶ್ನೆಯೇ ಅದು? "ಒಂದು ಮಹಡಿ ನಿಧಾನಕ್ಕೆ ಹತ್ತಿ ಇಳಿದು ನೋಡಿ. ತೀರಾ ನೋವಾಗದಿದ್ರೆ ಆಪರೇಷನ್ ಸದ್ಯಕ್ಕೆ ಬೇಡ" ಎಂದರು ಡಾಕ್ಟರು.

ಅವರಿದ್ದ ಮನೆಗೆ ಮೆಟ್ಟಿಲೇ ಇಲ್ಲ. ದಾರಿಯುದ್ದಕ್ಕೂ ಅತ್ತೆ ಯೋಚಿಸಿದರು. ಪುಸ್ತಕದ ವಿಷಯಕ್ಕೆ ಬೈಗುಳ ಈಗ ಬಂತು, ಆಗ ಬಂತು ಎಂದು ಜೆರಾಕ್ಸ್ ಅಕ್ಕ ಕಾದಳು. ಮನೆಯ ಬಾಗಿಲಲ್ಲಿ ಅತ್ತೆ ಕೇಳಿದರು: "ನಿನ್ನ ಆ ಕ್ಲಾಸು ಮಹಡಿ ಮೇಲಲ್ವಾ?"

ಭಾನುವಾರ ಬಂದ್ ಆಗಲಿಲ್ಲ.

ಕಂಬಿ ಹಿಡಿದು, ಮೆಟ್ಟಿಲಿಗೊಂದು ಉಸಿರು ಬಿಡುತ್ತಾ ಅತ್ತೆ ಸೈಕಲ್ ಅಂಗಡಿಯ ಮಹಡಿ ಹತ್ತಿದರು. ನೋವಾಗಲಿಲ್ಲವಂತೆ. ಮುಖ ನೋಡಿದರೆ ಹಾಗೆ ಕಾಣುತ್ತಿರಲಿಲ್ಲ, ಆದರೆ ಕೇಳುವ ಧೈರ್ಯ ಯಾರಿಗಿತ್ತು? ಮೇಲೆ ಹೋದವರು ಸುಮ್ಮನೆ ಕೂರುವರೇ? ಅವರಿಗೂ ಒಂದು ಪುಸ್ತಕ ಬಂತು. ಬಣ್ಣದ ತಟ್ಟೆಗಳು ಒಂದೇ ಸಾಲಿನಲ್ಲಿ ನಿಂತವು. ಕುಂಚ ತೊಳೆಯದೆ ಬಿಟ್ಟವರ ಬೆನ್ನು ತಾನಾಗಿ ನೆಟ್ಟಗಾಯಿತು. "ಇಲ್ಲಿ ತಪ್ಪು ಅನ್ನೋದೇ ಇಲ್ಲ" ಎಂದು ಟೀಚರ್ ಹೇಳಿದಾಗ, "ಯಾರು ಹೇಳಿದ್ದು?" ಎಂದರು ಅತ್ತೆ. ಎಲ್ಲರೂ ನಕ್ಕರು. ಟೀಚರಿಗಂತೂ ಅವರೆಂದರೆ ಪ್ರಾಣ.

"ನೀವು ಪುಣ್ಯ ಮಾಡಿದ್ರಿ ಅಕ್ಕ, ಇಂಥ ಅತ್ತೆ ಸಿಗೋಕೆ!"

"ಲೇ," ಎಂದು ಕೂಗಿದರು ಅತ್ತೆ. "ಗೋಂದು ಇತ್ತ ಕೊಡು. ಆ ದಾರ ಸೂಜಿಗೆ ಪೋಣಿಸು. ಇದಕ್ಕೆ ನೀಲಿ ಹಚ್ಚಲಾ, ಹಸಿರು ಹಚ್ಚಲಾ?"

"ನೀಲಿ ಹಚ್ಚಿ ಅತ್ತೆ."

ಅತ್ತೆ ಹಸಿರು ಹಚ್ಚಿದರು. ಜೆರಾಕ್ಸ್ ಅಕ್ಕನ ಪುಟ ಆ ವಾರ ಖಾಲಿಯೇ ಉಳಿಯಿತು, ಮುಂದಿನ ವಾರವೂ.

ಈಗ ಕೋರ್ಟಿಗೆ ಊಟದ ಬಿಡುವು ಆದಾಗ ಅವಳ ಅಂಗಡಿಯ ಷಟರ್ ಅರ್ಧ ಇಳಿದಿರುತ್ತದೆ. ಯಂತ್ರ ಆರಿಸಿ, ಅದರ ಬೆಚ್ಚನೆಯ ಗಾಜಿನ ಮೇಲೆ ಪುಸ್ತಕ ಬಿಡಿಸಿಟ್ಟುಕೊಳ್ಳುತ್ತಾಳೆ. ಬಣ್ಣ ಅಲ್ಲಿ ಬೇಗ ಒಣಗುತ್ತದೆ. ಹೊರಗೆ ಯಾರೋ ಬಗ್ಗಿ, "ಅಕ್ಕಾ, ಇದೀರಾ? ಒಂದೇ ಒಂದು ಕಾಪಿ" ಎನ್ನುತ್ತಾರೆ. ಅವಳು ಕಾಲನ್ನು ಸ್ಟೂಲಿನ ಮೇಲಕ್ಕೆಳೆದುಕೊಂಡು, ಕುಂಚ ಮೇಲೆತ್ತಿ ಹಿಡಿದು, ಅವರು ಹೋಗುವವರೆಗೆ ಉಸಿರೆತ್ತದೆ ಕೂರುತ್ತಾಳೆ.