ಪೆದ್ರು ಮಾಮನ ‘ಆತು’

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ, ಎಲ್ಲಿಂದಲೋ ಬರುವ ದನಿ ಇಂಥವನ್ನು ನಂಬುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಸಾಲದು, ಸಿಟ್ಟೇ ಬರುತ್ತಿತ್ತು. ಅದಕ್ಕೆ ನನ್ನ ಕೆಲಸವೂ ಕಾರಣ. ನಾನು ಹೊನ್ನಾವರದಲ್ಲಿ ಟೆಲಿಫೋನ್ ಲೈನ್ ರಿಪೇರಿ ಮಾಡುತ್ತಿದ್ದವನು. ಒಮ್ಮೆ ಹಳದೀಪುರದ ಒಂದು ಮನೆಯವರು, ಸತ್ತ ಅತ್ತೆ ಫೋನಿನಲ್ಲಿ ಮಾತಾಡುತ್ತಾಳೆ ಎಂದು ಫೋನಿಗೇ ಕುಂಕುಮ ಹಚ್ಚಿ ಕೂರಿಸಿದ್ದರು. ಹೋಗಿ ನೋಡಿದರೆ ನೀರು ಕುಡಿದ ಒಂದು ಜಾಯಿಂಟು. ಹಿಂದಿನ ಓಣಿಯ ಮುದುಕಿಯ ಮಾತು ಇವರ ಲೈನಿಗೆ ಸೋರುತ್ತಿತ್ತು. ಜಾಯಿಂಟು ಒಣಗಿಸಿ ಕಟ್ಟಿದೆ, ಅತ್ತೆ ಹೋದಳು. ಆ ಮನೆಯವರಿಗೆ ಚೆನ್ನಾಗಿ ಬೈದು ಬಂದಿದ್ದೆ.

ಹಾಗೆ ಬೈದುಕೊಂಡು ತಿರುಗುತ್ತಿದ್ದ ನನಗೇ ಒಂದು ಭಾನುವಾರ ಹಗಲುಹೊತ್ತಿನಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ಆದರೆ ‘ನಿನಗೆ ಭ್ರಮೆ’ ಎನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಪೆದ್ರು ಮಾಮ ಎಂದು ಒಬ್ಬರಿದ್ದರು. ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಹರೆಯದಲ್ಲಿ ಬಾಂಬೆಗೆ ಹೋಗಿ ದೊಡ್ಡ ಹೋಟೆಲೊಂದರ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು. ಜಾಝ್ ಸಂಗೀತ. ಹೋಟೆಲುಗಳಲ್ಲಿ ಬ್ಯಾಂಡಿನ ಕಾಲ ಮುಗಿದ ಮೇಲೆ ಊರಿಗೆ ಬಂದು ಮದುವೆ, ಮೆರವಣಿಗೆ, ಇಗರ್ಜಿಯ, ಅಂದರೆ ಚರ್ಚಿನ, ಹಬ್ಬ ಎಂದು ಬ್ಯಾಂಡ್‌ಸೆಟ್ಟಿನಲ್ಲಿ ಊದುತ್ತಿದ್ದರು. ಕೊಂಕಣ ರೈಲು ಶುರುವಾದ ವರ್ಷ ಅವರ ಮನೆಯ ಫೋನ್ ಸತ್ತಿದೆ ಎಂದು ದೂರು ಬಂದು ನಾನು ಹೋದೆ. ಒಳಗೆ ಹಳೆಯ ಗ್ರಾಮಫೋನಿನಲ್ಲಿ ಏನೋ ತಿರುಗುತ್ತಿತ್ತು. ಲೈನು ಸರಿ ಮಾಡಿ ಅರ್ಧ ತಾಸಾದರೂ ನಾನು ಜಗಲಿಯಿಂದ ಏಳಲಿಲ್ಲ. ಅಲ್ಲಿಂದ ಪ್ರತಿ ಭಾನುವಾರ ಹೋಗತೊಡಗಿದೆ. ‘ನಮ್ಮ ಟೆಲಿಫೋನಿನವಂಗೆ ಹುಚ್ಚು ಹಿಡಿದದೆ’ ಎಂದು ನನ್ನ ಹೆಂಡತಿ ಊರೆಲ್ಲ ಹೇಳಿದಳು. ಹಿಡಿದಿತ್ತು, ಸುಳ್ಳಲ್ಲ.

ಪೆದ್ರು ಮಾಮನಿಗೆ ಒಂದು ಅಭ್ಯಾಸ ಇತ್ತು. ಹಾಡು ಮುಗಿದ ಕೂಡಲೇ ಟ್ರಂಪೆಟ್ಟಿನ ಬಾಯಿತುದಿಯನ್ನು ಕಳಚಿ, ಕುರ್ಚಿಯ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿ ಉಗುಳು ಬೀಳಿಸಿ, ‘ಆತು’ ಎನ್ನುತ್ತಿದ್ದರು. ಕೊಂಕಣಿಯಲ್ಲಿ ಅಲ್ಲ, ನಮ್ಮ ಕನ್ನಡದಲ್ಲಿ. ಸಣ್ಣವರಿದ್ದಾಗ ಅವರಿಗೆ ಕಲಿಸಿದ ಹೊನ್ನಾವರದ ಬ್ಯಾಂಡ್ ಮಾಸ್ತರರು ಪಾಠ ಮುಗಿಸುವಾಗ ಹೀಗೆ ಕುಟ್ಟಿ ‘ಆತು’ ಎನ್ನುತ್ತಿದ್ದರಂತೆ. ಅದು ಇವರಿಗೆ ಅಂಟಿಕೊಂಡಿತು. ಊರಲ್ಲಿ ಅವರ ಹೆಸರೇ ‘ಆತು ಪೆದ್ರು’. ಮೆರವಣಿಗೆಯಲ್ಲಿ ಹಾಡು ಮುಗಿಯುವ ಮೊದಲೇ ಪಡ್ಡೆ ಹುಡುಗರು ‘ಆತು!’ ಎಂದು ಕೂಗುವುದೂ ಇತ್ತು.

ಒಂದೇ ಒಂದು ಸಂಕಟ ಅವರಿಗೆ. ಬಾಂಬೆಯಲ್ಲಿ ಒಂದು ರೆಕಾರ್ಡಿನಲ್ಲಿ ಊದಿದ್ದರು. ಅದರ ಲೇಬಲ್ಲಿನ ಮೇಲೆ ಬ್ಯಾಂಡಿನ ಯಜಮಾನನ ಹೆಸರು ಬಿಟ್ಟರೆ ಬೇರೆ ಯಾರದ್ದೂ ಇರಲಿಲ್ಲ. ಇವರ ಬಳಿ ಇದ್ದ ಪ್ರತಿ ಊರಿಗೆ ಬರುವಾಗ ಬಸ್ಸಿನಲ್ಲಿ ಒಡೆದು ಎರಡು ಹೋಳಾಗಿತ್ತು. ಹೋಳುಗಳನ್ನು ಬಿಸ್ಕಿಟ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ‘ಊದಿದ್ದು ನಾನು ಮಾರಾಯ. ನಾನೇ ಅಂತ ಯಾರಿಗೆ ಹೇಳುದು? ಒಡೆದದ್ದು ತೋರ್ಸಿದ್ರೆ ನಗ್ತಾರೆ’ ಎಂದು ಒಮ್ಮೆ ಹೇಳಿದ್ದರು. ನಿಜಕ್ಕೂ ನಗುತ್ತಿದ್ದರು. ಬಾಂಬೆಯಿಂದ ಬಂದವರೆಲ್ಲ ಇಂಥದ್ದೊಂದು ಕತೆ ಹೇಳುತ್ತಾರೆ ಎಂದು ಊರಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಾಲ್ಕೈದು ವರ್ಷದ ಮೇಲೆ ಪೆದ್ರು ಮಾಮನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಮಗಳು ಲೂಸಿ, ಕೊಂಕಣಿ ರೀತಿಯಲ್ಲಿ ನಮಗೆಲ್ಲ ಲೂಸಿ ಬಾಯಿ, ಶಾಲೆಯಲ್ಲಿ ಟೀಚರು, ಮದುವೆಯಾಗದವರು, ಅವರೇ ನೋಡಿಕೊಳ್ಳುತ್ತಿದ್ದರು. ಹೊಟ್ಟೆ ಉರಿಯುವುದು ಎಲ್ಲಿ ಎಂದರೆ, ಅಷ್ಟು ವರ್ಷ ಅವರ ಮನೆಗೆ ಹೋಗಿ ಬಂದ ನಾನು, ದನಿಯದ್ದೇ ಕೆಲಸದವನು, ಒಂದು ದಿನವೂ ಅವರ ಮಾತನ್ನು ಟೇಪು ಮಾಡಿರಲಿಲ್ಲ. ಇದ್ದಾಗ ಬೆಲೆ ಗೊತ್ತಾಗುವುದಿಲ್ಲ ಎಂಬುದು ಬೇರೆಯವರಿಗೆ ಹೇಳುವ ಮಾತು ಎಂದುಕೊಂಡಿದ್ದೆ.

ಆಗಲೇ ಕುಮಟೆಯ ಬಸ್ ಸ್ಟ್ಯಾಂಡ್ ಹತ್ತಿರ ಗಣಪತಿ ಎಂಬವನು ಸೈಬರ್ ಕೆಫೆ ತೆರೆದಿದ್ದ. ಅಲ್ಲಿ ಕುಳಿತು ನಾನು ಇಂಟರ್ನೆಟ್ಟಿನಲ್ಲಿ ಜಾಝ್ ಹುಚ್ಚರ ಒಂದು ಗುಂಪು ಸೇರಿದೆ. ಜಗತ್ತಿನ ಮೂಲೆ ಮೂಲೆಯವರು. ಒಂದೇ ಹಾಡಿನ ಮೂರು ರೆಕಾರ್ಡಿಂಗಿನಲ್ಲಿ ಯಾವುದು ಮೇಲು, ಯಾವ ಟ್ರಂಪೆಟ್ಟಿನವನು ಯಾವ ವಯಸ್ಸಿನಲ್ಲಿ ಕೆಟ್ಟ, ಮೊದಲ ಅಚ್ಚಿನ ಲೇಬಲ್ಲಿಗೆ ಯಾವ ಬಣ್ಣ ಎಂದು ದಿನಗಟ್ಟಲೆ ಜಗಳ. ನನಗೆ ಸ್ವರ್ಗ ಸಿಕ್ಕಂತಾಗಿತ್ತು. ಒಂದು ದಿನ ಧೈರ್ಯ ಮಾಡಿ, ಬಿಸ್ಕಿಟ್ ಡಬ್ಬಿಯ ಹೋಳಿನ ಮೇಲಿದ್ದ ನಂಬರು ಬರೆದು, ಈ ರೆಕಾರ್ಡು ಯಾರ ಬಳಿಯಾದರೂ ಇದೆಯೇ ಎಂದು ಕೇಳಿದೆ.

ಇತ್ತು. ಗುಂಪಿನ ಹಿರಿಯ, ‘ಕ್ಯಾಪ್ಟನ್’ ಎಂದು ಸಹಿ ಹಾಕುತ್ತಿದ್ದ ಒಬ್ಬ ಪರದೇಶದ ಸಂಗ್ರಾಹಕನ ಬಳಿ. ಎರಡೇ ದಿನದಲ್ಲಿ ಹಾಡನ್ನು ಕಂಪ್ಯೂಟರಿಗೆ ಹಾಕಿ ಎಲ್ಲರಿಗೂ ಹಂಚಿದ, ಜೊತೆಗೆ ಒಂದು ಟಿಪ್ಪಣಿಯನ್ನೂ ಬರೆದ. ಟ್ರಂಪೆಟ್ ಅದ್ಭುತವಾಗಿದೆ. ಆದರೆ ಬಾಂಬೆಯ ಹೋಟೆಲಿನವರು ಬರೆದುಕೊಟ್ಟದ್ದನ್ನು ನುಡಿಸುವವರು, ಹೀಗೆ ನಿಂತಲ್ಲೇ ಹೊಸದು ಹುಟ್ಟಿಸಿ ಊದುವುದು ಅವರ ಕೈಲಿ ಆಗುವುದಲ್ಲ. ಹಡಗಿನಲ್ಲಿ ಬಂದುಹೋದ ಯಾರೋ ನಮ್ಮ ದೇಶದವನೇ ಇರಬೇಕು. ಪುರಾವೆಯೂ ಇದೆ. ಕೊನೆಯಲ್ಲಿ ಯಾರೋ ‘ಆರ್ಟ್, ಟೂ’ ಎನ್ನುವುದು ಕೇಳುತ್ತದೆ, ಅಂದರೆ ‘ಆರ್ಟ್ ಕೂಡ’. ಹಾಗಾಗಿ ಊದಿದವನ ಹೆಸರು ಆರ್ಟ್.

ಹಾಡು ಇಳಿಯಲು ಮುಕ್ಕಾಲು ತಾಸು ಹಿಡಿಯಿತು. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೇಳಿದೆ. ಮೂರು ನಿಮಿಷ. ಟ್ರಂಪೆಟ್ ನಿಂತಿತು. ಟಕ್, ಟಕ್. ‘ಆತು.’

ನನ್ನ ಮೈಯೆಲ್ಲ ಉರಿದುಹೋಯಿತು. ಆರ್ಟಂತೆ! ಬೆವರು ನಮ್ಮ ಕಾಸರಕೋಡಿನವನದ್ದು, ಹೆಸರು ಹಡಗಿನವನದ್ದು! ಗಣಪತಿಯನ್ನು ಕರೆದು ಕೇಳಿಸಿದೆ. ಕೇಳಿದವನೇ ಬಿದ್ದು ಬಿದ್ದು ನಕ್ಕ.

‘ಇಂವ ನಮ್ಮ ಬದಿಯವ್ನೇ ಅಲ್ದಾ! ಎಂತ ಚಂದ ಆತು ಅಂದ ನೋಡು!’

ಅಲ್ಲೇ ಕುಳಿತು ನನ್ನ ಡಿಕ್ಷನರಿ ಇಂಗ್ಲಿಷಿನಲ್ಲಿ ಉದ್ದನೆಯ ಉತ್ತರ ಬರೆದೆ. ಕ್ಯಾಪ್ಟನ್ ಬಹಳ ಮರ್ಯಾದೆಯಿಂದ, ಅಂದರೆ ಮೈ ಇನ್ನಷ್ಟು ಉರಿಯುವಂತೆ, ಮರುತ್ತರ ಕೊಟ್ಟ. ಕತೆ ಸೊಗಸಾಗಿದೆ. ಆದರೆ ಅದು ಅದೇ ಮನುಷ್ಯನ ದನಿ ಎನ್ನುವುದಕ್ಕೆ ಏನು ಆಧಾರ? ಅವರ ಮಾತಿನ ಒಂದು ತುಣುಕು ಕಳಿಸಿ, ಹೋಲಿಸಿ ನೋಡುತ್ತೇನೆ, ಸರಿ ಎನಿಸಿದರೆ ಹೆಸರು ಹಾಕುತ್ತೇನೆ.

ಮಾತು ಹೋದವರ ಮಾತಿನ ತುಣುಕನ್ನು ಎಲ್ಲಿಂದ ತರಲಿ? ಆದರೂ ಬಿಡಲಿಲ್ಲ. ಮನೆಯ ಟೇಪ್‌ರೆಕಾರ್ಡರನ್ನೇ ಕೆಫೆಗೆ ಹೊತ್ತುಕೊಂಡು ಹೋಗಿ, ಕಂಪ್ಯೂಟರಿಗೆ ವೈರು ಜೋಡಿಸಿ ಹಾಡನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿದೆ. ಯಾರೂ ಅದರ ಮೇಲೆ ಬೇರೇನೂ ರೆಕಾರ್ಡ್ ಮಾಡಲಾಗದ ಹಾಗೆ ಕ್ಯಾಸೆಟ್ಟಿನ ಬೆನ್ನಿನ ಎರಡೂ ಕಿವಿಗಳನ್ನು ಮುರಿದೆ. ಇದನ್ನು ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಮೂರು ದಿನ ಅದನ್ನೇ ಹಾಕಿ ಹಾಕಿ ಕೇಳಿದೆ. ಹೆಂಡತಿ ಅಡುಗೆಮನೆಯಿಂದ ರೇಗಿದಳು. ‘ಎಷ್ಟ್ ಸಲ ಆತು ಆತು ಅಂತ ಕೇಳ್ತ್ರಿ, ನಿಮಗಿನ್ನೂ ಆಗ್ಲಿಲ್ವಾ?’ ಅಂದರೆ ಆ ಶಬ್ದ ಕ್ಯಾಸೆಟ್ಟಿನಲ್ಲಿ ಇತ್ತು. ನನ್ನ ಕಿವಿಯೊಂದೇ ಕೇಳಿದ್ದಲ್ಲ.

ಭಾನುವಾರ, ಇಗರ್ಜಿಯ ಪೂಜೆ ಮುಗಿದು ಎಲ್ಲರೂ ಊಟ ಮುಗಿಸಿದ ಹೊತ್ತಿಗೆ ಕಾಸರಕೋಡಿಗೆ ಹೋದೆ. ಹೊರಗೆ ಬಿಸಿಲಿಗೆ ಮೀನು ಹರಡಿದ್ದರು, ಕಾಗೆ ಓಡಿಸುವವರ ಗಲಾಟೆ. ಪೆದ್ರು ಮಾಮ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಲೂಸಿ ಬಾಯಿ ತಂದೆಯ ತುಟಿ ಒರೆಸಿ, ದಿಂಬಿಗೆ ಒರಗಿಸಿ ಕೂರಿಸಿದರು. ನಾನು ಎದುರಿನ ಸ್ಟೂಲಿನಲ್ಲಿ ಕುಳಿತು ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡೆ. ಅವರು ತಲೆಯಾಡಿಸಿದರೂ ಸಾಕು, ಮಗಳ ಕೈಯಲ್ಲಿ ಒಂದು ಸಾಕ್ಷಿಪತ್ರ ಬರೆಸಿ ಕ್ಯಾಪ್ಟನ್ನನ ಮುಖಕ್ಕೆ ಎಸೆಯಬೇಕು ಎಂಬುದು ನನ್ನ ಲೆಕ್ಕ.

ಹಾಡು ಶುರುವಾಯಿತು. ಮೊದಲು ಅವರ ಮುಖದಲ್ಲಿ ಏನೂ ಇರಲಿಲ್ಲ. ಟ್ರಂಪೆಟ್ ಒಂಟಿಯಾಗಿ ಎದ್ದ ಮೇಲೆ ಎಡಗೈಯ ಮೂರು ಬೆರಳು ಹೊದಿಕೆಯ ಮೇಲೆ ಒತ್ತತೊಡಗಿದವು. ಸ್ವರಕ್ಕೆ ಸರಿಯಾಗಿ, ಒಂದೂ ತಪ್ಪದೆ. ಲೂಸಿ ಬಾಯಿ ಸೆರಗನ್ನು ತುಟಿಗೆ ಒತ್ತಿಕೊಂಡರು. ಹಾಡು ನಿಂತಿತು. ಟಕ್, ಟಕ್.

‘ಆತು.’

ಪೆದ್ರು ಮಾಮನ ತುಟಿ ಅಲ್ಲಾಡಿತ್ತು. ಹದಿನಾಲ್ಕು ತಿಂಗಳಿಂದ ಒಂದು ಅಕ್ಷರ ಆಡದ ಬಾಯಿ. ದನಿ ಬಂದದ್ದು ಮಂಚದ ಕಡೆಯಿಂದ, ನನ್ನ ತೊಡೆಯಿಂದ ಅಲ್ಲ. ದನಿ ಎಲ್ಲಿಂದ ಬರುತ್ತದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು, ಇಷ್ಟರಲ್ಲಿ ನಾನು ತಪ್ಪುವವನಲ್ಲ. ಇನ್ನೊಂದು ಮಾತು, ಅದು ಎಂಬತ್ತರ ಮುದುಕನ ದನಿಯಾಗಿರಲಿಲ್ಲ. ತೊದಲಿರಲಿಲ್ಲ, ಕಫ ಇರಲಿಲ್ಲ. ಲೂಸಿ ಬಾಯಿ ‘ಜೇಜು!’ ಎಂದು ಯೇಸುವನ್ನು ಕೂಗಿ ತಂದೆಯ ಕಾಲ ಬುಡದಲ್ಲಿ ಕುಸಿದರು.

‘ಅಪ್ಪಂದು ಹಳೇ ಸ್ವರ, ತಮ್ಮಾ. ನಾನು ಸಣ್ಣಿರುವಾಗಿಂದು’ ಎಂದರು.

ಮುದುಕರು ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿದ್ದರು. ಉಸಿರು ಸಲೀಸಾಗಿತ್ತು. ಮತ್ತೆ ಎಷ್ಟು ಕರೆದರೂ ಮಾತಾಡಲಿಲ್ಲ. ಆ ಗಡಿಬಿಡಿಯಲ್ಲಿ ನಾನು ಟೇಪನ್ನು ಮತ್ತೆ ಹಾಕಲಿಲ್ಲ. ಟೇಪಿನ ‘ಆತು’ ನನಗೆ ಕೇಳಲೇ ಇಲ್ಲವಲ್ಲ ಎಂದು ದಾರಿಯಲ್ಲಿ ಒಮ್ಮೆ ಅನಿಸಿತು. ಎರಡೂ ಒಂದೇ ಕ್ಷಣಕ್ಕೆ ಬಂದಿರಬೇಕು, ಇವರದ್ದು ಅದನ್ನು ಮುಚ್ಚಿರಬೇಕು ಎಂದುಕೊಂಡೆ.

ಸೋಮವಾರ ಕುಮಟೆಗೆ ಹೋಗಿ ನಡೆದದ್ದನ್ನೆಲ್ಲ ಬರೆದೆ. ಸಂಜೆಯೊಳಗೆ ಕ್ಯಾಪ್ಟನ್ನನ ಉತ್ತರ ಬಂತು. ಕೊನೆಯಲ್ಲಿದ್ದ ಗಲೀಜನ್ನೆಲ್ಲ ತೆಗೆದು ಹಾಡನ್ನು ಚೊಕ್ಕಟ ಮಾಡಿ ಮತ್ತೆ ಹಾಕಿದ್ದೇನೆ, ಹಳೆಯದನ್ನು ಅಳಿಸಿಯಾಯಿತು, ರೆಕಾರ್ಡನ್ನು ಬೇರೊಬ್ಬರಿಗೆ ಕೊಟ್ಟೂ ಆಯಿತು, ನಿಮ್ಮ ಬಳಿ ಇರುವ ಪ್ರತಿಯಿಂದ ಆ ಶಬ್ದದ ತುಣುಕು ಕಳಿಸಿ ಎಂದು. ಗಲೀಜಂತೆ! ಆ ಮೂರು ನಿಮಿಷದಲ್ಲಿ ಊದಿದವನು ತನ್ನ ಬಾಯಿಂದ ಆಡಿದ್ದು ಅದೊಂದೇ ಮಾತು, ಅದು ಈ ಮಹಾನುಭಾವನಿಗೆ ಗಲೀಜು! ಗಣಪತಿಯ ಕಂಪ್ಯೂಟರಿನಲ್ಲಿ ಹುಡುಕಿದರೆ, ಅವನು ವಾರದ ಕೊನೆಗೆ ಎಲ್ಲವನ್ನೂ ಅಳಿಸುವವನು, ಅಳಿಸಿದ್ದ. ಅವನಿಗೂ ಬೈದೆ. ಗುಂಪಿನ ಉಳಿದವರನ್ನೂ ಕೇಳಿದೆ, ಯಾರೂ ಹಳೆಯ ಪ್ರತಿ ಇಟ್ಟುಕೊಂಡಿರಲಿಲ್ಲ.

ಇರಲಿ, ನನ್ನ ಕ್ಯಾಸೆಟ್ ಇದೆಯಲ್ಲ ಎಂದು ಮನೆಗೆ ಬಂದು ಹಾಕಿದೆ. ಹಾಡು. ಟಕ್, ಟಕ್. ಆಮೇಲೆ ಬರೀ ಟೇಪಿನ ಉಸಿರು.

ಹಿಂದೆ ತಿರುಗಿಸಿ ಹಾಕಿದೆ. ಟೇಪ್‌ರೆಕಾರ್ಡರಿನ ಹೆಡ್ ಒರೆಸಿ ಹಾಕಿದೆ. ಆಫೀಸಿನ ಒಳ್ಳೆಯ ಹೆಡ್‌ಫೋನ್ ತಂದು ಕೇಳಿದೆ. ಟೇಪು ಕತ್ತರಿಸಿಲ್ಲ, ಅಂಟಿಸಿಲ್ಲ. ಅಳಿಸಿದರೆ ಉಳಿಯುವ ಪೊಳ್ಳು ಜಾಗವೂ ಇಲ್ಲ. ಎರಡು ಕುಟ್ಟುಗಳಾದ ಮೇಲೆ ಯಾರೂ ಏನೂ ಹೇಳಿಯೇ ಇಲ್ಲ ಎನ್ನುವಂತಿತ್ತು. ಕ್ಯಾಸೆಟ್ಟಿನ ಮುರಿದ ಕಿವಿಗಳು ಮುರಿದ ಹಾಗೆಯೇ ಇದ್ದವು. ಹೆಂಡತಿಯನ್ನು ಕರೆದು ಕೇಳಿಸಿದೆ. ಎರಡು ಸಲ ಕೇಳಿದಳು. ಈ ಸಲ ತಮಾಷೆ ಮಾಡಲಿಲ್ಲ, ದೇವರ ಮುಂದೆ ದೀಪ ಹಚ್ಚಿ ಬಂದಳು. ದೀಪ ನೋಡಿ ನನಗೆ ಇನ್ನೂ ಸಿಟ್ಟು ಬಂತು. ಹಳದೀಪುರದ ಫೋನು, ಅದರ ಕುಂಕುಮ ನೆನಪಾಯಿತು.

ಆ ಸಿಟ್ಟಿನಲ್ಲೇ ಕಾಸರಕೋಡಿಗೆ ಹೋದೆ. ಕಾಯಿಲೆಯವರ ಮನೆ ಎಂದೂ ನೋಡದೆ ಕೂಗಾಡಿದೆ.

‘ನಿಮ್ಮಪ್ಪ ಇದ್ದೊಂದು ಸಾಕ್ಷೀನೂ ನುಂಗಿ ಹಾಕಿದ್ರು, ಬಾಯಿ! ಇನ್ನು ನಾ ಎಂತ ತೋರ್ಸುದು? ಹೆಸರು ಬರೂ ಹಾಂಗಿತ್ತು. ಕೈಗೆ ಬಂದದ್ದು ಬಾಯಿಗೆ ಬರ್ಲಿಲ್ಲ!’

ಲೂಸಿ ಬಾಯಿ ತಂದೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

‘ಬಂತಲ್ಲ ತಮ್ಮಾ, ಬಾಯಿಗೇ ಬಂತಲ್ಲ. ಅವರ ಮಾತು ಅವರು ತಗಂಡ್ರು. ಅದ್ಕೆ ನಿಂಗೆ ಎಂತಕ್ಕೆ ಸಿಟ್ಟು?’

ನಾನು ಮಂಚದ ಕಡೆ ತಿರುಗಿದೆ. ಪೆದ್ರು ಮಾಮ ನನ್ನನ್ನೇ ನೋಡುತ್ತಿದ್ದರು. ನಗುತ್ತಿದ್ದರೋ, ಲಕ್ವದಿಂದ ತುಟಿ ಸೊಟ್ಟಗಾದದ್ದೋ, ನನಗೆ ಗೊತ್ತಾಗಲಿಲ್ಲ.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಬ್ಯಾಂಡ್‌ಸೆಟ್ಟಿನವರೇ ಮಣ್ಣಿಗೆ ಬಂದು ಊದಿದರು. ಹಾಡು ಮುಗಿದ ಮೇಲೆ ಟ್ರಂಪೆಟ್ಟಿನವನು ಪೆದ್ರು ಮಾಮನಿಂದ ಕಲಿತ ಅಭ್ಯಾಸಬಲದಿಂದ ಬಾಯಿತುದಿ ಕಳಚಿ ಅಲ್ಲಿದ್ದ ಕಲ್ಲಿಗೆ ಎರಡು ಸಲ ಕುಟ್ಟಿದ. ಸೇರಿದ್ದ ಜನವೆಲ್ಲ ಕಾಯಿತು. ಯಾರೂ ಹೇಳಲಿಲ್ಲ.

ಇಷ್ಟು ವರ್ಷವಾಯಿತು. ಕ್ಯಾಸೆಟ್ ನನ್ನ ಬಳಿ ಇದೆ. ಜಾಯಿಂಟು, ಸೋರಿಕೆ, ಮ್ಯಾಗ್ನೆಟ್ಟು, ನನಗೆ ಗೊತ್ತಿರುವ ಕಾರಣಗಳನ್ನೆಲ್ಲ ಯೋಚಿಸಿ ಸೋತಿದ್ದೇನೆ. ಆ ಗುಂಪಿನವರ ಪಟ್ಟಿಯನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಆ ನಂಬರಿನ ಎದುರು ಟ್ರಂಪೆಟ್ ಆರ್ಟ್ ಎಂದೇ ಇದೆ. ಆ ಹೆಸರು ಎಲ್ಲಿಂದ ಬಂತು ಎಂದು ಹೋದ ವರ್ಷ ಯಾರೋ ಹೊಸಬರು ಕೇಳಿದ್ದರು. ಈಗ ಗುಂಪಿನಲ್ಲಿರುವ ಯಾರಿಗೂ ಉತ್ತರ ಗೊತ್ತಿಲ್ಲ, ಚೊಕ್ಕಟ ಮಾಡಿದ ಹಾಡಿನಲ್ಲಿ ಅಂಥ ಮಾತೇ ಇಲ್ಲವಲ್ಲ. ನಾನು ಬರೆಯಲು ಕುಳಿತೆ, ನಾಲ್ಕು ಸಾಲು ಬರೆದೆ, ಸಿಟ್ಟು ನೆತ್ತಿಗೇರಿತು, ಅಳಿಸಿ ಎದ್ದುಬಂದೆ.