ಬಾವಿಗಿಳಿದ ನರ್ಸಮ್ಮ

ನರ್ಸಮ್ಮನ ಎಡಗೈಯ ಮೇಲೆ, ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ, ಹಲ್ಲು ಕಚ್ಚಿದ ಗುರುತಿತ್ತು. ಕಪ್ಪು ಚರ್ಮದ ನಡುವೆ ಆ ಜಾಗ ಮಾತ್ರ ಬಿಳಿಚಿಕೊಂಡು ಹೊಳೆಯುತ್ತಿತ್ತು. ಹೆರಿಗೆ ವಾರ್ಡಿನಲ್ಲಿ, ಹಿಡಿದುಕೊಳ್ಳಲಿ ಎಂದು ಕೊಟ್ಟ ಕೈಯನ್ನು ಯಾವಳೋ ಕಚ್ಚಿ ಮಾಂಸ ಕಿತ್ತಿದ್ದಳಂತೆ. ಮಗು ಹೊರಗೆ ಬರುವವರೆಗೂ ಇವರು ಕೈ ಬಿಡಿಸಿಕೊಳ್ಳಲಿಲ್ಲವಂತೆ. "ಆಮೇಲೆ ಮಗೂನ ಕೈಗೆ ಕೊಟ್ಟು, ಚೆನ್ನಾಗಿ ಬೈದೆ ಕಣೇ," ಎಂದು ನಗುತ್ತಿದ್ದರು.

ಶಿಡ್ಲಘಟ್ಟದಲ್ಲಿ ಅವರ ಮನೆ ನಮ್ಮ ಪಕ್ಕದ್ದೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಊರೂರು ತಿರುಗಿ, ಗೌರಿಬಿದನೂರಿನಲ್ಲಿ ರಿಟೈರಾಗಿ ಬಂದಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಬೀಳ್ಕೊಡುಗೆಯ ದಿನ ಹೊದಿಸಿದ್ದ ಶಾಲನ್ನು ಕತ್ತರಿಸಿ ಅವರು ನೆಲ ಒರೆಸುವುದನ್ನು ಕಂಡು ಬೀದಿಯ ಹೆಂಗಸರು ಬೆಚ್ಚಿಬಿದ್ದರು. "ಇದನ್ನ ಹೊದ್ಕೊಂಡು ಮೂಲೇಲಿ ಕೂತ್ಕೊಳ್ಲಿ ಅಂತ ಕೊಟ್ಟಿರೋದು ಕಣ್ರಮ್ಮ. ನಾನು ಕೂರಲ್ಲ," ಎಂದರು.

ಕೂರಲೂ ಇಲ್ಲ. ಆ ವಯಸ್ಸಿನಲ್ಲಿ ಸೈಕಲ್ ಕಲಿತರು. ಮಂಡಿ ಕಿತ್ತುಕೊಂಡು, ತಾವೇ ಔಷಧಿ ಹಚ್ಚಿಕೊಂಡು, ಮತ್ತೆ ಹತ್ತಿದರು. ಗೆಳತಿಯರನ್ನು ಕಟ್ಟಿಕೊಂಡು ಸ್ಕಂದಗಿರಿ ಹತ್ತಿ ಬಂದರು. ಸಂಜೆಯಾದರೆ ಟಿವಿಯಲ್ಲಿ ಬಾಕ್ಸಿಂಗ್ ಹಾಕಿಕೊಂಡು, ಮಡಿಲಲ್ಲಿದ್ದ ದಿಂಬಿಗೆ ಗುದ್ದುತ್ತಾ, "ಹಾಕು, ಹಾಕು, ಮೂತಿಗೆ ಹಾಕು!" ಎಂದು ಕೂಗುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ನಮ್ಮ ಮನೆಯ ಸದ್ದೂ ಅವರಿಗೆ ಕೇಳುತ್ತಿತ್ತು. ಅದು ಟಿವಿಯದಲ್ಲ.

ನನ್ನ ಗಂಡನದು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಸಣ್ಣ ಘಟಕ, ಮನೆಯ ಹಿಂಭಾಗದಲ್ಲೇ. ಮಗಳು ಶಾಲೆಗೆ ಹೋದ ಮೇಲೆ ನಾನೂ ಅಲ್ಲೇ ದುಡಿಯುತ್ತಿದ್ದೆ. ಒಂದು ದಿನ ಎಳೆ ಪದೇ ಪದೇ ಕಡಿಯುತ್ತಿದೆಯೆಂದು ಅವನು ನನ್ನ ಜಡೆ ಹಿಡಿದು ಬಗ್ಗಿಸಿ, ಬಲಗೈಯನ್ನು ಗೂಡು ಬೇಯುತ್ತಿದ್ದ ನೀರಿನೊಳಕ್ಕೆ ಅದುಮಿದ. ನಾನು ಕಿರುಚಿದ್ದು ಮುಗಿಯುವ ಮೊದಲೇ ನರ್ಸಮ್ಮ ಹಿಂಬಾಗಿಲಲ್ಲಿ ನಿಂತಿದ್ದರು. ಅವನ ಕಡೆ ನೋಡಲೂ ಇಲ್ಲ. ನನ್ನನ್ನು ರಟ್ಟೆ ಹಿಡಿದು ತಮ್ಮ ಮನೆಗೆ ಎಳೆದುಕೊಂಡು ಹೋಗಿ, ಕೈಯನ್ನು ನಲ್ಲಿಯ ಕೆಳಗಿಟ್ಟರು. ಬೊಬ್ಬೆಗಳು ಕಣ್ಣೆದುರೇ ಏಳುತ್ತಿದ್ದವು.

ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ. ಹೇಳಲಿಲ್ಲ. "ಇವತ್ತು ಕೈ. ನಾಳೆ ಮುಖ. ಆಮೇಲೆ ಸೀಮೆಎಣ್ಣೆ. ವಾರ್ಡಲ್ಲಿ ನೋಡಿದೀನಿ ಕಣೇ, ಹಿಂಗೇ ಹೋಗೋದು ಇದು," ಎಂದರು. ಬಟ್ಟೆ ಸುತ್ತುತ್ತಾ ಇದ್ದಕ್ಕಿದ್ದಂತೆ ಕೇಳಿದರು, "ನಿಂಗೆ ಏನು ಇಷ್ಟ?"

"ಅಡುಗೆ ಮಾಡ್ತೀನಮ್ಮ."

"ಅದು ಕೆಲಸ. ಇಷ್ಟ ಏನು ಅಂದೆ."

ಎಷ್ಟೋ ಹೊತ್ತು ಯೋಚಿಸಿದೆ. ಚಿಕ್ಕವಳಿದ್ದಾಗ ಕೆರೆ ಕೋಡಿ ಬಿದ್ದಾಗ ನೀರಿನಲ್ಲಿ ಆಡಿದ್ದು ನೆನಪಾಯಿತು. "ನೀರು," ಎಂದೆ. ಹೇಳಿ ನಾಚಿಕೆಯಾಯಿತು.

"ರಾ ಅಮ್ಮಾ ಹಂಗಾದ್ರೆ. ನಂಗೂ ಅದೇ ಇಷ್ಟ," ಎಂದು ತೆಲುಗು ಬೆರೆಸಿ ಕರೆದರು ನರ್ಸಮ್ಮ.

ಮೇಲೂರಿನ ಆಚೆ ಅವರ ಅಣ್ಣನಿಗೆ ಸರ್ಕಾರದಿಂದ ಮಂಜೂರಾದ ಜಮೀನಿತ್ತು. ಅದರಲ್ಲೊಂದು ಹಳೆಯ ಕಲ್ಲುಕಟ್ಟಡದ ಮೆಟ್ಟಿಲುಬಾವಿ. ಸುತ್ತಲ ಕೆರೆಗಳಿಗೆ ನೀರು ಹರಿಸಿದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಆ ಬಾವಿಯಲ್ಲೂ ನೀರು ನಿಂತಿತ್ತು. ಕೈ ವಾಸಿಯಾದ ಮೇಲೆ ಮಧ್ಯಾಹ್ನದ ಹೊತ್ತು, ಗಂಡ ಗೂಡಿನ ಮಾರುಕಟ್ಟೆಗೋ ಚಿಂತಾಮಣಿಗೋ ಹೋದಾಗ, ಆಟೋ ಹತ್ತಿ ಹೋಗುತ್ತಿದ್ದೆವು. ನರ್ಸಮ್ಮ, ನಾನು, ಬೀದಿಯ ತುದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಟೈಲರ್ ಅಕ್ಕ. ಬೀದಿಯ ಬೇರೆ ಹೆಂಗಸರು ಬರಲಿಲ್ಲ. ಕೆಲವರಿಗೆ ಗಂಡಂದಿರ ಭಯ, ಕೆಲವರಿಗೆ ಅದು ನರ್ಸಮ್ಮನ ಜಾತಿಯವರ ಬಾವಿ ಎಂಬ ಸಂಕೋಚ. ನರ್ಸಮ್ಮನಿಗೆ ಅದು ಗೊತ್ತಿತ್ತು. "ಪೋನೀ ಬಿಡು. ನೀರು ನಮಗೇ ಜಾಸ್ತಿ ಸಿಗ್ತದೆ," ಎನ್ನುತ್ತಿದ್ದರು.

ಕಲಿಸುವುದರಲ್ಲಿ ಕರುಣೆಯಿರಲಿಲ್ಲ. ಸೊಂಟಕ್ಕೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿ, ಹಿಂದಿನಿಂದ ತಳ್ಳಿಯೇಬಿಡುತ್ತಿದ್ದರು. ಮೂಗು ಬಾಯಲ್ಲೆಲ್ಲ ನೀರು ತುಂಬಿ ನಾನು ಒದ್ದಾಡುವಾಗ ಮೆಟ್ಟಿಲ ಮೇಲೆ ನಿಂತು, "ಯಾಕೆ ಅದರ ಜತೆ ಜಗಳ? ಮಲಕ್ಕೋ ಅದರ ಮೇಲೆ!" ಎಂದು ಗದರುತ್ತಿದ್ದರು. ಕ್ಯಾನ್ ಇಲ್ಲದೆ ಮೊದಲ ಸಲ ಈ ಗೋಡೆಯಿಂದ ಆ ಗೋಡೆ ಮುಟ್ಟಿದ ದಿನ ನಾನು ಕಲ್ಲಿಗೆ ಹಣೆಯಿಟ್ಟು ಅತ್ತೆ. ನರ್ಸಮ್ಮ ಬೆನ್ನ ಮೇಲೆ ತೇಲುತ್ತಾ ಆಕಾಶ ನೋಡುತ್ತಿದ್ದರು. ಅಳು ಮುಗಿಯಲಿ ಎಂದು ಬಿಟ್ಟಿದ್ದರೋ, ನಿಜಕ್ಕೂ ಕೇಳಿಸಿರಲಿಲ್ಲವೋ ತಿಳಿಯದು.

ದಾರಿಯಲ್ಲಿ ಹೋಗುವವನು ಯಾವನೋ ಮೊಬೈಲಿನಲ್ಲಿ ನಮ್ಮ ವಿಡಿಯೋ ತೆಗೆದ. ಅದು ಗುಂಪಿನಿಂದ ಗುಂಪಿಗೆ ಹರಿದು ನನ್ನ ಗಂಡನ ಫೋನಿಗೂ ಬಂತು.

ಅವನು ಬಾವಿಗೆ ಬಂದಾಗ ನಾನು ನೀರಿನಿಂದ ಎದ್ದು, ಕೆಳಗಿನ ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡಿಕೊಳ್ಳುತ್ತಿದ್ದೆ. ಜಮೀನಿನ ಶೆಡ್ಡಿನಲ್ಲಿದ್ದ ಗುದ್ದಲಿಯ ಮರದ ಕಾವು ಅವನ ಕೈಯಲ್ಲಿತ್ತು. ಮಾತಿಲ್ಲ, ಕಥೆಯಿಲ್ಲ. ಒದ್ದೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ನನ್ನ ತಲೆಯನ್ನು ಬಾವಿಯ ಗೋಡೆಗೆ ಅಪ್ಪಳಿಸಿದ. ಕಣ್ಣು ಕತ್ತಲಾಯಿತು. "ಊರಿಗೆಲ್ಲ ಮೈ ತೋರಿಸ್ತೀಯೇನೇ? ಇವರ ಬಾವೀಲಿ ಬಿದ್ದು ಹೊರಳಾಡ್ತೀಯೇನೇ?" ಎನ್ನುತ್ತಾ ಮತ್ತೆ ಅಪ್ಪಳಿಸಿದ. ಟೈಲರ್ ಅಕ್ಕ ಕೂಗಿಕೊಳ್ಳುತ್ತಾ ರಸ್ತೆಯ ಕಡೆಗೆ ಓಡಿದಳು.

ನರ್ಸಮ್ಮ ನನ್ನ ಮತ್ತು ಅವನ ನಡುವೆ ನುಗ್ಗಿದರು. "ಬಿಡೋ ಅವಳನ್ನ," ಎಂದರು. ಅವನು ಕಾವನ್ನು ಎತ್ತಿ ಅವರ ತಲೆಗೆ ಹೊಡೆದ. ತೆಂಗಿನಕಾಯಿ ಬಿರಿದ ಹಾಗೆ ಸದ್ದಾಯಿತು. ಬಿಳಿಗೂದಲ ನಡುವಿನಿಂದ ರಕ್ತ ಹಣೆಗೆ, ಕಣ್ಣಿಗೆ, ಗಲ್ಲಕ್ಕೆ ಇಳಿಯಿತು. ಅವರು ಬೀಳಲಿಲ್ಲ. ಕಾವಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟರು. ಅವನು ಎಳೆದ, ಇವರು ಬಿಡಲಿಲ್ಲ. ಪಾಚಿಯ ಮೇಲೆ ಅವನ ಕಾಲು ಜಾರಿತು. ನನ್ನ ಕೂದಲು ಅವನ ಮುಷ್ಟಿಯಲ್ಲೇ ಇತ್ತು. ಇಬ್ಬರೂ ನೀರಿಗೆ ಬಿದ್ದೆವು.

ಅವನಿಗೆ ಈಜು ಬರುತ್ತಿರಲಿಲ್ಲ. ಮುಳುಗುವವನು ಸಿಕ್ಕಿದ್ದನ್ನು ಹತ್ತುತ್ತಾನೆ. ಅವನು ನನ್ನನ್ನು ಹತ್ತಿದ. ಮಂಡಿ ನನ್ನ ಎದೆಗೆ, ಪಾದ ನನ್ನ ಹೆಗಲಿಗೆ ಊರಿ, ತಾನು ಮೇಲೆ ಬರಲು ನನ್ನನ್ನು ಕೆಳಕ್ಕೆ ತುಳಿದ. ಕಚ್ಚಿದೆ, ಪರಚಿದೆ. ನೀರು ಮೊದಲು ಹಸಿರಾಗಿತ್ತು, ಆಮೇಲೆ ಕಪ್ಪಾಗತೊಡಗಿತು.

ಮೇಲಿನಿಂದ ಏನೋ ಭಾರವಾದದ್ದು ಬಿತ್ತು. ಅವನ ಮೈ ಒಮ್ಮೆ ಅದುರಿತು, ಇನ್ನೊಮ್ಮೆ ಅದುರಿತು. ಮುಷ್ಟಿ ಸಡಿಲವಾಯಿತು. ಮೇಲೆ ಬಂದು ಉಸಿರೆಳೆದುಕೊಂಡಾಗ ಕಂಡೆ: ನರ್ಸಮ್ಮ ಅವನ ಮುಖಕ್ಕೆ ಗುದ್ದುತ್ತಿದ್ದರು. ಮೂಗಿನ ಮೂಳೆ ಮುರಿದಿತ್ತು. ಅವನ ರಕ್ತ, ಅವರ ರಕ್ತ ಒಂದೇ ನೀರಿನಲ್ಲಿ ಹರಡಿತ್ತು.

ಆಮೇಲೆ ಅವರು ಅವನ ತಲೆಗೂದಲನ್ನು ಹಿಂದಿನಿಂದ ಹಿಡಿದರು. ಅವನ ಮುಖ ನೀರಿನೊಳಗಿತ್ತು. ಕೈಗಳು ನೀರನ್ನು ಬಡಿಯುತ್ತಿದ್ದವು, ಬರಬರುತ್ತಾ ಮೆಲ್ಲಗೆ. ನರ್ಸಮ್ಮ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ.

ನಾನು ಏನೂ ಹೇಳಲಿಲ್ಲ. ಹೇಳಲು ಉಸಿರೇ ಇರಲಿಲ್ಲ.

ಅವರು ಅವನ ತಲೆ ಎತ್ತಿದರು. ಮೆಟ್ಟಿಲಿಗೆ ಎಳೆದು ತಂದು, ಮಗ್ಗುಲಿಗೆ ಹೊರಳಿಸಿ, ಬಾಯೊಳಗೆ ಬೆರಳು ಹಾಕಿ, ಬೆನ್ನಿಗೆ ಬಡಿದರು. ನೀರು ಕಾರಿ ಉಸಿರು ಬಂದ ಕೂಡಲೇ ಅವನು ಅವರನ್ನು ಜಾತಿ ಹಿಡಿದು ಬೈದ. ನರ್ಸಮ್ಮ ಕೆನ್ನೆಗೊಂದು ಬಿಗಿದು, ಮತ್ತೆ ಬೆನ್ನು ಬಡಿಯುವುದನ್ನು ಮುಂದುವರಿಸಿದರು. "ಎಲ್ಲಾ ಕಕ್ಕೋ. ಇನ್ನೂ ಐತೆ ಒಳಗೆ," ಎಂದರು.

ಟೈಲರ್ ಅಕ್ಕ ಜನರನ್ನು ಕರೆತಂದಳು. ಆಸ್ಪತ್ರೆಯಲ್ಲಿ ತಮ್ಮ ತಲೆಗೆ ಹೊಲಿಗೆ ಹಾಕುತ್ತಿದ್ದ ಹುಡುಗಿಗೆ ನರ್ಸಮ್ಮ, "ಕೈ ಯಾಕಮ್ಮ ನಡುಗ್ತದೆ? ನಂಗೆ ನೋವಿಲ್ಲ, ಹಾಕು," ಎಂದು ಧೈರ್ಯ ಹೇಳುತ್ತಿದ್ದುದು ಪಕ್ಕದ ಮಂಚದಲ್ಲಿದ್ದ ನನಗೆ ಕೇಳಿಸುತ್ತಿತ್ತು.

ದೂರು ಕೊಟ್ಟೆವು. ರಾಜಿಗೆಂದು ನನ್ನ ಗಂಡನ ಕಡೆಯ ಹಿರಿಯರು ನರ್ಸಮ್ಮನ ಮನೆಗೆ ಬಂದರು. ನಾನೂ ಮಗಳೂ ಆಗ ಅಲ್ಲೇ ಇದ್ದೆವು. "ವಯಸ್ಸಾದ ಮೇಲೆ ದೇವರು ದಿಂಡರು ಅಂತ ಇರೋದು ಬಿಟ್ಟು ನಿಮಗ್ಯಾಕಮ್ಮ ಇದೆಲ್ಲ?" ಎಂದ ಅವರಲ್ಲೊಬ್ಬ. ನರ್ಸಮ್ಮ ಕಾಫಿ ಕೊಟ್ಟರು. ಕುಡಿದಾದ ಮೇಲೆ ಬಾಗಿಲು ತೋರಿಸಿದರು.

ಕೋರ್ಟಿನಲ್ಲಿ ಅವನ ಲಾಯರೂ ಅದನ್ನೇ ಬೇರೆ ಥರ ಕೇಳಿದ. ಈ ವಯಸ್ಸಿನಲ್ಲಿ ಆ ಬಾವಿಗೆ ಯಾವ ಕೆಲಸಕ್ಕೆ ಇಳಿದಿದ್ದಿರಿ ಎಂದ.

"ಕೆಲಸಕ್ಕಲ್ಲ ಸ್ವಾಮಿ. ಖುಷಿಗೆ," ಎಂದರು ನರ್ಸಮ್ಮ.

ಯಾರೋ ನಕ್ಕರು. ಅವರು ನಗಲಿಲ್ಲ. ಅವನಿಗೆ ಶಿಕ್ಷೆಯಾಯಿತು. ನಾನು ಮಗಳೊಂದಿಗೆ ಚಿಕ್ಕಬಳ್ಳಾಪುರಕ್ಕೆ ಬಂದು ಹೂವಿನ ಮಂಡಿಯಲ್ಲಿ ಕೆಲಸಕ್ಕೆ ಸೇರಿದೆ.

ಬಾವಿಗೆ ಹೋಗುವುದನ್ನು ನಾವು ಬಿಟ್ಟಿರಲಿಲ್ಲ. ಒಂದು ಭಾನುವಾರ, ಈಜಿ ಮೇಲೆ ಬಂದು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದಾಗ ಕೇಳಿಯೇಬಿಟ್ಟೆ. "ಅವತ್ತು ಅವನ ತಲೆ ಹಿಡ್ಕೊಂಡು ಏನಮ್ಮ ಯೋಚನೆ ಮಾಡ್ತಿದ್ರಿ?"

ಅವರು ಸಿಪ್ಪೆ ಊದಿದರು. "ಸರ್ವೀಸಲ್ಲಿ ಎಂತೆಂಥೋರನ್ನೆಲ್ಲ ಉಳಿಸಿದೀನಿ ಕಣೇ. ಹೆಂಡ್ತೀನ ಸುಟ್ಟು ತಾನೂ ಸುಟ್ಕೊಂಡು ಬಂದೋನಿಗೂ ಗಾಯ ತೊಳ್ದಿದೀನಿ. ಅದು ಡ್ಯೂಟಿ. ಅವತ್ತು ಅನ್ನಿಸ್ತು, ನಾನು ರಿಟೈರಾಗಿದೀನಲ್ಲ, ಈಗ್ಯಾವ ಡ್ಯೂಟಿ, ಬಿಟ್ಬಿಡಣ ಅಂತ."

"ಮತ್ತೆ?"

"ಕೈ ಕೇಳ್ಲಿಲ್ಲ," ಎಂದರು. ಇನ್ನೊಂದು ಕಡಲೆಕಾಯಿ ಒಡೆದು, "ಈ ಕೈಗಳ ಮೇಲೆ ಇನ್ನೂ ಸಿಟ್ಟೈತೆ ನಂಗೆ," ಎಂದರು.

ಆಮೇಲಾಮೇಲೆ ಅವರಿಗೆ ತಲೆನೋವು ಬರತೊಡಗಿತು. ಒಂದು ಕಿವಿ ಮಂದವಾಯಿತು. ಆದರೂ ಸೈಕಲ್ ತುಳಿದರು, ಕೀಬೋರ್ಡ್ ನುಡಿಸಲು ಕಲಿಯುತ್ತೇನೆಂದು ಹಟ ಹಿಡಿದು ಅರ್ಧಂಬರ್ಧ ಕಲಿತರು. ಒಂದು ಬೆಳಿಗ್ಗೆ ರಾಗಿ ಅಂಬಲಿಯ ಲೋಟ ಹಿಡಿದುಕೊಂಡೇ ಕುಸಿದರು. ಮೆದುಳಿನಲ್ಲಿ ರಕ್ತ ಸೋರಿದೆ ಎಂದರು ಡಾಕ್ಟರು. ಹಳೆಯ ಹೊಡೆತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ನಾನು ಆ ಮಾತನ್ನು ನಂಬಿಲ್ಲ. ನಂಬದೆ ಬದುಕುವುದು ಸುಲಭವೂ ಅಲ್ಲ.

ಅವರ ಅಣ್ಣನ ಜಮೀನಿನಲ್ಲೇ ಮಣ್ಣು ಮಾಡಿದರು. ಬುದ್ಧವಂದನೆ ಮುಗಿದು ಚಟ್ಟ ಎತ್ತುವಾಗ ನಾನು ಹೋಗಿ ಮುಂದಿನ ಮೂಲೆಗೆ ನಿಂತೆ. ಯಾರೋ ದೂರದ ನೆಂಟರು, "ಹೆಂಗಸರು ಬೇಡಮ್ಮ," ಎಂದರು. ಅಣ್ಣ, "ಇರ್ಲಿ ಬಿಡಿ, ಅವಳದೇ ಜಾಗ ಅದು," ಎಂದರು. ಉಳುಮೆ ಮಾಡಿದ ನೆಲ, ಹೆಜ್ಜೆ ಹೂತುಹೋಗುತ್ತಿತ್ತು. ಬಿದಿರು ಹೆಗಲಿಗೆ ಒತ್ತಿ ಚರ್ಮ ತರಚಿತು. ಅರ್ಧ ದಾರಿಯಲ್ಲಿ ಒಬ್ಬಾತ ಬಂದು, "ಬಿಡಮ್ಮ, ಸುಸ್ತಾಗಿದೀಯ, ನಾನು ಹಿಡ್ಕೋತೀನಿ," ಎಂದ.

ನಾನು ಬಿಡಲಿಲ್ಲ.